ಕಣ್ಣು ಕೆಂಪಾಗುವ ಮೊದಲು

ಕಪ್ಪು ಕೊಳವೆಯ ಬಾಯಿಂದ ಏನೂ ಹೊರಬರುತ್ತಿಲ್ಲ ಎಂಬುದನ್ನು ನಂಬಲು ಅವನು ಮೊದಲು ಮನಸ್ಸು ಮಾಡಲಿಲ್ಲ. ದೀಪ ಸರಿಯಾಗಿ ಬೀಳುತ್ತಿಲ್ಲವೇನೋ ಎಂದು ಅದರ ಕತ್ತನ್ನು ತುಸು ಬಗ್ಗಿಸಿದ. ಕೋಣೆ ತಣ್ಣಗಿರಬಹುದು ಎಂದು ಕಿಟಕಿ ಮುಚ್ಚಿದ. ಕೊಳವೆಯ ಒಳಗೆ ಬಳಿದ ಪೌಡರು ಹೆಚ್ಚಾಯಿತೇನೋ ಎಂದೂ ಅಂದುಕೊಂಡ. ಆದರೆ ಪೌಡರು ಬಳಿಯುವುದೇ ನೊಣಗಳು ಗೋಡೆ ಹಿಡಿದು ಹತ್ತಿ ಬರದಿರಲಿ, ಹಾರಬಲ್ಲವು ಮಾತ್ರ ಹೊರಗೆ ಬರಲಿ ಎಂದಲ್ಲವೇ. ಈ ಪರೀಕ್ಷೆ ಮಾಡುವುದೇ ಉದ್ಯೋಗವಾದವನಿಗೆ ಅದು ಗೊತ್ತಿಲ್ಲದ ಸಂಗತಿಯಲ್ಲ. ಕೊನೆಗೆ ಬಗ್ಗಿ ಒಳಗೆ ನೋಡಿದ. ತಳದಲ್ಲಿ ನೊಣಗಳು ನಡೆದಾಡುತ್ತಿದ್ದವು. ಸತ್ತಿರಲಿಲ್ಲ, ಜಡವಾಗಿಯೂ ಇರಲಿಲ್ಲ. ಸಂತೆಗೆ ಬಂದು ಏನು ಕೊಳ್ಳಬೇಕೆಂದು ಮರೆತವರ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ರೆಕ್ಕೆಗಳು ಮಾತ್ರ ಮೈಯ ಎರಡೂ ಬದಿಗೆ ಇಳಿಬಿದ್ದಿದ್ದವು. ಒಂದು ನೊಣ ಗೋಡೆಯ ಬುಡಕ್ಕೆ ಬಂದು, ಮುಂಗಾಲು ಎತ್ತಿ, ಹಾರುವುದಕ್ಕೆ ಬೇಕಾದ ಸಿದ್ಧತೆಯನ್ನೆಲ್ಲ ಮಾಡಿಕೊಂಡು, ಆಮೇಲೆ ಏನೂ ಆಗದೆ, ಸುಮ್ಮನೆ ಮುಂದಕ್ಕೆ ನಡೆಯಿತು. ಅದನ್ನು ನೋಡಿದ್ದೇ ಅವನು ಸ್ಟೂಲನ್ನು ಎಳೆದುಕೊಂಡು ಕೂತ. ಶನಿವಾರವೇ ಕೋಶ ಒಡೆದು ಮೊದಲು ಹೊರಬಂದ ಒಂದಷ್ಟು ಹೀಗೆ ರೆಕ್ಕೆ ಇಳಿಬಿಟ್ಟಿದ್ದವು. ಮುಂಚೆ ಬಂದವು ಹಾಗೇ, ಒಣಗಲಿ, ಸರಿಹೋಗುತ್ತವೆ ಎಂದು ಅವನು ಜೋರಾಗಿಯೇ ಹೇಳಿದ್ದ, ಪಕ್ಕದಲ್ಲಿ ಜರಡಿ ಆಡಿಸುವ ಕೆಲಸದ ಜರಡಿಯಕ್ಕ ನಿಂತಿದ್ದಳೆಂಬ ಕಾರಣಕ್ಕೆ.

ಈ ಕಟ್ಟಡದಲ್ಲಿ ನೊಣ ಸಾಕುತ್ತಾರೆ ಎಂದರೆ ಹೊಸಬರು ನಗುತ್ತಾರೆ. ಹಣ್ಣಿನೊಳಗೆ ಮೊಟ್ಟೆಯಿಟ್ಟು ಕೊಳೆಸುವ ನೊಣವನ್ನೇ ತಂದು, ಅದಕ್ಕೆ ಹಿಟ್ಟು ಕಲಸಿ ಹಾಕಿ, ಬೆಚ್ಚಗಿಟ್ಟು, ರಾಶಿ ರಾಶಿ ಬೆಳೆಸಿ, ಗಂಡುಗಳನ್ನು ಕಿರಣದ ಯಂತ್ರಕ್ಕೆ ಒಡ್ಡಿ ಬರಡು ಮಾಡಿ, ಸುತ್ತಲ ತೋಟಗಳಿಗೆ ಬಿಟ್ಟು ಬರುವುದು ಅವರ ಕೆಲಸ. ಕಾಡು ಹೆಣ್ಣು ಇವುಗಳ ಜೊತೆ ಕೂಡಿದರೆ ಇಟ್ಟ ಮೊಟ್ಟೆ ಒಡೆಯುವುದಿಲ್ಲ, ಹಣ್ಣು ಉಳಿಯುತ್ತದೆ. ಅಷ್ಟೇ. ಆದರೆ ಅದಕ್ಕೆ ಗಂಡು ಹಾರಬೇಕು. ಹಾರಿ ಮರದ ನೆತ್ತಿಗೆ ಹೋಗಬೇಕು, ಅಲ್ಲಿ ರೆಕ್ಕೆ ಬೀಸಿ ಹೆಣ್ಣನ್ನು ಕರೆಯಬೇಕು. ಉಳಿದ ಎಲ್ಲವನ್ನೂ ಇಲ್ಲಿ ಕೂತು ಮಾಡಿಕೊಡಬಹುದು, ಅದೊಂದನ್ನು ಬಿಟ್ಟು.

ಹೊರಗೆ ವ್ಯಾನು ತಂದು ನಿಲ್ಲಿಸಿದ ಡ್ರೈವರು ಬಾಗಿಲಲ್ಲಿ ತಲೆ ಹಾಕಿದ. "ಏನ್ ಸಾರ್, ಪ್ಯಾಸೆಂಜರೆಲ್ಲ ರೆಡಿನಾ?"

"ಇವತ್ತು ಇಲ್ಲ."

"ಇಲ್ಲ ಅಂದ್ರೆ?"

"ಹಾರ್ತಿಲ್ಲ."

"ಅದಕ್ಕೇನಂತೆ! ರೆಕ್ಕೆ ಇದ್ದಾಗ್ಲೂ ಅರ್ಧ ದಾರಿ ನನ್ನ ವ್ಯಾನಲ್ಲೇ ಕೂತು ಬರ್ತಿದ್ವು ದೊರೆಮಕ್ಕಳು. ಇನ್ನರ್ಧ ನಡ್ಕೊಂಡ್ ಹೋಗ್ತಾವೆ ಬಿಡಿ." ಅವನು ನಗಲಿಲ್ಲ ಎಂದು ಗೊತ್ತಾದ ಮೇಲೆ ಡ್ರೈವರು ಒಳಗೆ ಬಂದು ದನಿ ತಗ್ಗಿಸಿದ. "ತೋಟದವ್ರು ಬೆಳಗ್ಗೆಯಿಂದ ಫೋನ್ ಮೇಲೆ ಫೋನು ಸಾರ್. ಹಣ್ಣು ಬಣ್ಣ ತಿರುಗ್ತಿದೆ, ಈ ವಾರ ಬಿಡದಿದ್ರೆ ನಾವು ಕೆಟ್ವಿ ಅಂತಾರೆ. ಏನ್ ಹೇಳ್ಲಿ?"

"ತಡ ಆಗುತ್ತೆ ಅಂತ ಹೇಳಿ."

"ಯಾಕೆ ಅಂತ ಕೇಳ್ತಾರಲ್ಲ?"

ಅವನು ದೀಪ ಆರಿಸಿದ. ಡ್ರೈವರು ಕೀಲಿ ಗೊಂಚಲನ್ನು ಬೆರಳಿಗೆ ಸುತ್ತಿ ಬಿಚ್ಚಿ, ಹೊರಟುಹೋದ.

ಯಾಕೆ ಎಂಬುದು ಅವನಿಗೆ ಗೊತ್ತಿತ್ತು. ಕೊಳವೆಯೊಳಗೆ ಬಗ್ಗುವ ಮುಂಚೆಯೇ ಗೊತ್ತಿತ್ತು. ಹೇಳಬೇಕೆಂದರೆ ಹಿಂದಿನ ಸೋಮವಾರದಿಂದಲೇ ಗೊತ್ತಿತ್ತು. ಹುಳುಗಳು ಮರದ ಹೊಟ್ಟಿನೊಳಗೆ ಇಳಿದು ಕೋಶ ಕಟ್ಟಿಕೊಂಡ ಮೇಲೆ ಅವು ಗೋಧಿ ಕಾಳಿನ ಹಾಗೆ ಕಾಣುತ್ತವೆ. ಕೆಲಸದವರು ಅವನ್ನು ಕಾಳು ಎಂದೇ ಕರೆಯುತ್ತಿದ್ದರು. ಕಾಳನ್ನು ಹೊಟ್ಟಿನಿಂದ ಬೇರೆ ಮಾಡಲು ಜರಡಿ ಆಡಿಸಬೇಕು. ಆದರೆ ಸಿಪ್ಪೆಯನ್ನು ಒಂದಿಷ್ಟು ಸುಲಿದು ನೋಡಿದರೆ ಒಳಗಿನ ಕಣ್ಣು ಕೆಂಪಾಗಿರಬೇಕು, ಅಲ್ಲಿಯವರೆಗೆ ತಟ್ಟೆಯನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ. ಅವನಿಗೆ ಕೆಲಸ ಕಲಿಸಿದ ಹಿರಿಯರು ಒಬ್ಬರಿದ್ದರು, ಕಿವಿ ಸರಿಯಾಗಿ ಕೇಳದ್ದರಿಂದ ಪ್ರತಿ ಮಾತನ್ನೂ ಕೂಗಿ ಹೇಳುತ್ತಿದ್ದರು. ಮೊದಲ ದಿನ ಈ ತಟ್ಟೆಗಳ ಮುಂದೆ ಅವನನ್ನು ನಿಲ್ಲಿಸಿ ಕೂಗಿದ್ದರು: "ಒಳಗೆ ಹುಳ ಕರಗ್ತಾ ಇದೆ ಕಣಯ್ಯ! ಹರಿದಾಡೋಕೆ ಇದ್ದ ಸ್ನಾಯು ಎಲ್ಲ ಕರಗುತ್ತೆ. ಒಂದು ನಾಲ್ಕು ಎಳೆ ಮಾತ್ರ ಉಳ್ಕೊಳ್ಳುತ್ತೆ. ಆ ಎಳೆಗೆ ಹೊಸ ಕಣ ಬಂದು ಬಂದು ಸೇರಿ, ಅದು ಸೀಳಿ, ಎರಡಾಗಿ, ದಪ್ಪ ಆಗಿ, ಎದೆಗೂಡಿಗೆ ಎರಡೂ ಕಡೆ ಹೋಗಿ ಕಚ್ಕೊಳ್ಳಬೇಕು. ಆಮೇಲೇ ಅದು ಹಾರೋ ಸ್ನಾಯು. ಕಣ್ಣು ಹಳದಿ ಇರೋವಾಗ ಹೆಂಗಿರುತ್ತೆ ಗೊತ್ತಾ? ಹಳೇದು ಬಿಟ್ಟಿದೆ, ಹೊಸದು ಹಿಡಿದಿಲ್ಲ! ಆಗ ಹೂವಿನಂಥ ಕೈಲಿ ಅಲ್ಲಾಡ್ಸಿದ್ರೂ ಕಿತ್ಕೊಂಡು ಬರುತ್ತೆ!" ಅಷ್ಟು ದೊಡ್ಡ ದನಿಯಲ್ಲಿ ಹೇಳಿದ್ದು ಇಷ್ಟು ವರ್ಷ ಕಿವಿಯಲ್ಲಿದ್ದರೂ, ಹೋದ ಸೋಮವಾರ ಅವನು ತಟ್ಟೆಗಳ ಮುಂದೆ ನಿಂತು, ಬುಧವಾರ ಆಗಬೇಕಿದ್ದ ಜರಡಿಯನ್ನು ಇವತ್ತೇ ಮುಗಿಸಿಬಿಡೋಣ ಎಂದಿದ್ದ. ಜರಡಿಯಕ್ಕ ಒಂದು ಕಾಳನ್ನು ಉಗುರಿನಲ್ಲಿ ಸುಲಿದು ಬೆಳಕಿಗೆ ಹಿಡಿದು, "ಹಳದಿ ಇದೆಯಲ್ಲ ಸಾರ್ ಇನ್ನೂ?" ಎಂದಿದ್ದಳು. "ಪರವಾಗಿಲ್ಲ. ಮೆಲ್ಲಗೆ ಆಡಿಸಿ," ಎಂದಿದ್ದ ಅವನು. ಮೆಲ್ಲಗೆ. ಆ ಒಂದು ಶಬ್ದವನ್ನು ಅವಳ ಕೈಗೆ ಕೊಟ್ಟು ತಾನು ಕೈ ತೊಳೆದುಕೊಂಡಿದ್ದು ಆಗ ಅವನಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದಿತ್ತು.

ಒಂದು ಸಾವಾಗಿದ್ದರೆ ಚೆನ್ನಾಗಿತ್ತು. ಒಂದು ಜ್ವರ, ಯಾರನ್ನಾದರೂ ಆಸ್ಪತ್ರೆಗೆ ಸೇರಿಸುವುದು, ಕೋರ್ಟಿನ ಕರೆ, ಏನಾದರೊಂದು. ಆ ಬುಧವಾರವನ್ನು ಖಾಲಿ ಮಾಡಿಕೊಳ್ಳಲು ಅವನಿಗೆ ಅಂಥ ಕಾರಣ ಏನೂ ಇರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಮಂಗಳವಾರ ಸಂಜೆ ತನ್ನ ಅಕ್ಕನ ಮನೆಗೆ ಹೋಗಿ ಗುರುವಾರ ಬರುವವಳಿದ್ದಳು. "ನೀವೂ ಬನ್ನಿ, ಭಾವ ನಿಮ್ಮನ್ನ ಕೇಳ್ತಾನೇ ಇರ್ತಾರೆ," ಎಂದಾಗ, ಬುಧವಾರ ಇನ್‌ಸ್ಪೆಕ್ಷನ್ ಇದೆ ಎಂದುಬಿಟ್ಟ. ಆಫೀಸಿನಲ್ಲಿ ಸ್ವಂತ ಕೆಲಸ ಇದೆ ಎಂದು ಆ ದಿನಕ್ಕೆ ರಜೆ ಕೇಳಿದ. ಎರಡು ಸುಳ್ಳುಗಳ ನಡುವೆ ಒಂದು ದಿನವನ್ನು, ಗೋಡೆಗೂ ಬೀರುವಿಗೂ ನಡುವಿನ ಸಂದಿಯ ಹಾಗೆ, ತನಗಾಗಿ ಮಾಡಿಕೊಂಡ. ಆ ಸಂದಿಯಲ್ಲಿ ಅವನು ಮಾಡಿದ್ದು ಮಲಗಿದ್ದು. ತನ್ನ ಮಂಚದಲ್ಲಿ ತನ್ನ ಮೈಯ ಗುಂಡಿ ಬಿದ್ದಿತ್ತು, ಅದರಲ್ಲೇ ಮತ್ತೆ ಬೀಳಲು ಮನಸ್ಸಾಗದೆ ಮಗಳ ಮಂಚಕ್ಕೆ ಹೋದ; ಕಾಲು ಹೊರಗೆ ಚಾಚಿಕೊಳ್ಳುತ್ತಿದ್ದವು. ಮೇಲಿನ ಮನೆಯವರು ಕುರ್ಚಿ ಎಳೆದದ್ದು, ಕೊಳಾಯಿಯಲ್ಲಿ ನೀರು ಬಂದು ನಿಂತದ್ದು, ಬಾಗಿಲಿಗೆ ಯಾರೋ ಬೆಲ್ ಮಾಡಿ ಕಾದು ಹೋದದ್ದು, ಎಲ್ಲ ಕೇಳಿಸಿತು. ಏಳಲಿಲ್ಲ. ಸುಖ ಎನ್ನುವಂಥದ್ದೇನೂ ಅಲ್ಲ ಅದು. ಯಾರಿಗೂ ತಾನು ಏನೂ ಆಗಿರಬೇಕಾಗಿಲ್ಲದ ಕೆಲವು ಗಂಟೆಗಳು. ಎಷ್ಟೋ ವರ್ಷಗಳಿಂದ ಹೆಗಲ ಮೇಲಿದ್ದ ಚೀಲವನ್ನು ಇಳಿಸಿದಾಗ ಹೆಗಲಿಗೆ ಹಗುರಾಗುವ ಬದಲು ನೋವು ತಿಳಿಯುವುದಿಲ್ಲವೇ, ಹಾಗೆ ಸುಸ್ತು ಆವತ್ತು ಮೊದಲ ಸಲ ಪೂರ್ತಿಯಾಗಿ ತಿಳಿಯಿತು. ಗುರುವಾರ ಹೆಂಡತಿ ಬಂದು, ಹಾಸಿಗೆ ಕೊಡವುತ್ತ, "ಇನ್‌ಸ್ಪೆಕ್ಷನ್ ಹೇಗಾಯ್ತು?" ಎಂದಳು. "ಆಯ್ತು." "ಸಾಹೇಬರು ಬಹಳ ಕಟ್ಟುನಿಟ್ಟು ಅನ್ಸುತ್ತೆ. ಮಗಳ ದಿಂಬನ್ನೂ ಬಿಡದೆ ನೋಡಿದಾರೆ." ಅವಳು ನಗುತ್ತಲೇ ಹೇಳಿದ್ದು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ಜಗಳದಲ್ಲಿ ಏನಾದರೂ ಒಂದು ಕಾರಣ ತಾನಾಗಿ ಬಾಯಿಗೆ ಬರುತ್ತಿತ್ತು.

ಜರಡಿಯಕ್ಕ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಹೊಟ್ಟಿನ ಪುಡಿ ಹಿಡಿದ ಚಪ್ಪಲಿ ಸದ್ದು ಮಾಡುವುದಿಲ್ಲ. ಕೊಳವೆಯೊಳಗೆ ಅವಳೂ ಬಗ್ಗಿ ನೋಡಿ, ನೆಟ್ಟಗಾಗಿ, ಸೆರಗಿನಿಂದ ಕೈ ಒರೆಸಿಕೊಂಡಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು.

"ಎಲ್ಲ ಹೀಗೇನಾ ಸಾರ್?"

"ಹೂಂ. ಎಲ್ಲ."

"ಮೆಲ್ಲಗೇ ಆಡಿಸ್ದೆ ಅಂತ ಅಂದ್ಕೊಂಡಿದ್ದೆ." ಅವಳು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. "ವಯಸ್ಸಾಯ್ತು ನೋಡಿ. ನಾವು ಮೆಲ್ಲಗೆ ಅಂತೀವಿ, ಕೈಗೆ ಕೇಳ್ಸಲ್ಲ."

ಹೇಳಬೇಕಾಗಿದ್ದದ್ದು ಆಗ. ಅವನು ಬಾಯಿ ತೆರೆದ ಕೂಡ. ಆದರೆ ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, "ನಾನು ಕೇಳಬಾರದು. ಆವತ್ತು ನೀವು ಅಷ್ಟು ಅವಸರ ಮಾಡಿದ್ದು ನೋಡಿ ಮನೇಲಿ ಏನೋ ಕಷ್ಟ ಅಂತ ಅನ್ನಿಸ್ತು. ನೀವು ಯಾವತ್ತೂ ಹಾಗೆ ಮಾಡೋರಲ್ಲ. ಅಮ್ಮಾವ್ರು ಈಗ ಹುಷಾರಾ?" ಎಂದಳು.

"ಪರವಾಗಿಲ್ಲ," ಎಂದ ಅವನು.

ಬಾಯಿಂದ ಬಿದ್ದ ಮೇಲೆ ಅದು ಏನು ಮಾಡಿತು ಎಂದು ತಿಳಿಯಿತು. ಚೆನ್ನಾಗಿರುವ ಹೆಂಡತಿ ಆ ಒಂದು ಮಾತಿನಿಂದ ಹಾಸಿಗೆ ಹಿಡಿದಳು. ಜರಡಿಯಕ್ಕನ ಮುಖ ಸಡಿಲವಾಯಿತು. "ಅಷ್ಟಾದ್ರೆ ಸಾಕು ಬಿಡಿ. ನೊಣ ಮತ್ತೆ ಹುಟ್ಟುತ್ತೆ," ಎಂದು ಅವನ ಭುಜ ಮುಟ್ಟಬೇಕೆಂದವಳು ಮುಟ್ಟದೆ ಮೇಜಿನ ಅಂಚು ಮುಟ್ಟಿ ಹೋದಳು.

ಅವನು ಒಂದು ನೊಣವನ್ನು ತೆಗೆದು ಕೊಂದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಬೇಕಾಗಿರಲಿಲ್ಲ, ಆದರೂ, ಒಂದು ವೇಳೆ. ಒಂದು ವೇಳೆ ಕಿರಣ ಹೆಚ್ಚಾಗಿದ್ದರೆ, ಒಂದು ವೇಳೆ ರೋಗ ಬಿದ್ದಿದ್ದರೆ. ಸೂಜಿಯ ತುದಿಯಿಂದ ಬೆನ್ನಿನ ಚಿಪ್ಪನ್ನು ಎಬ್ಬಿಸುವಾಗ ಕೈ ಎಂದಿನಂತೆ ನಿಶ್ಚಲವಾಗಿತ್ತು, ಅದರ ಬಗ್ಗೆ ನಾಚಿಕೆಯಾಯಿತು. ಚೆನ್ನಾಗಿರುವ ನೊಣದ ಎದೆ ತೆರೆದರೆ ಒಳಗೆ ಬೇರೇನೂ ಕಾಣುವುದಿಲ್ಲ, ಬರೀ ಸ್ನಾಯು. ಹೊಸದಾಗಿ ನೇಯ್ದ ಹಗ್ಗದ ಕಟ್ಟುಗಳು ಒಂದರ ಮೇಲೊಂದು ಮುಂದಿನಿಂದ ಹಿಂದಕ್ಕೆ ಬಿಗಿದು ಕೂತಿರುತ್ತವೆ. ಆ ಹಗ್ಗ ರೆಕ್ಕೆಯನ್ನು ಎಳೆಯುವುದಿಲ್ಲ. ಎದೆಗೂಡನ್ನೇ ಹಿಂಡುತ್ತದೆ, ಎದೆ ಕುಗ್ಗಿ ಹಿಗ್ಗಿದಂತೆ ರೆಕ್ಕೆ ತಾನೇ ಬೀಸುತ್ತದೆ. ಇಲ್ಲಿ ಆ ಕಟ್ಟುಗಳ ಹಿಂದಿನ ತುದಿ ಎದೆಗೂಡಿನ ಗೋಡೆಯನ್ನು ಬಿಟ್ಟಿತ್ತು. ಬಿಟ್ಟದ್ದು ಮುಂದಕ್ಕೆ ಸುರುಟಿಕೊಂಡು ಉಂಡೆಯಾಗಿತ್ತು. ಅಲ್ಲಿ ಖಾಲಿ ಜಾಗ. ಒಂದು ನೊಣದ ಎದೆಯೊಳಗೆ ಇಷ್ಟು ಜಾಗ ಇದೆಯೇ ಎಂದು ಆಶ್ಚರ್ಯವಾಗುವಷ್ಟು. ರೋಗವೂ ಅಲ್ಲ, ಕಿರಣವೂ ಅಲ್ಲ. ಸೋಮವಾರ ಮಧ್ಯಾಹ್ನ ಅದು ಆಗಷ್ಟೇ ಹೋಗಿ ಗೋಡೆಯನ್ನು ಮುಟ್ಟಿತ್ತು. ಇನ್ನೊಂದು ನೊಣ ತೆಗೆದ. ಅದೂ ಹಾಗೇ. ಮೂರನೆಯದಕ್ಕೆ ಕೈ ಹಾಕುವಾಗ ಜವಾನ ಬಂದು ಸಾಹೇಬರು ಕರೆಯುತ್ತಿದ್ದಾರೆ ಎಂದ.

ಅಧಿಕಾರಿ ಕೆಟ್ಟವರಲ್ಲ. ಮೇಜಿನ ಮೇಲಿನ ಸಾಮಾನುಗಳನ್ನು ಒಂದು ಗೆರೆಗೆ ಸರಿಸುತ್ತ ಮಾತಾಡುವುದು ಅವರ ಅಭ್ಯಾಸ. ಫ್ಲಾಸ್ಕು, ಗಂಟೆ, ಪೆನ್ನು. ಗೆರೆ ಸರಿಯಾದ ಮೇಲೆ ಅವರಿಗೆ ಸಮಾಧಾನ.

"ಸಂಜೆಯೊಳಗೆ ಮೇಲಿನವರಿಗೆ ಏನಾದ್ರೂ ಹೇಳಬೇಕು ನಾನು. ಯಂತ್ರ ಸರಿ ಇತ್ತು, ನೋಡಿಸಿದೆ. ಕೋಣೆ ಬಿಸಿ ಸರಿ ಇತ್ತು. ಉಳಿದಿದ್ದು ಕೈ. ಆ ಅಮ್ಮನ ಮಣಿಕಟ್ಟಿಗೆ ಬಟ್ಟೆ ಸುತ್ತಿದೆ, ನೀವು ನೋಡಿಲ್ವಾ? ನೋವಿರೋ ಕೈಲಿ ಜರಡಿ ಆಡಿಸಿದ್ರೆ ಇನ್ನೇನಾಗುತ್ತೆ. ಪಾಪ, ಒಳ್ಳೆಯವರು. ಆದ್ರೆ ನಾಳೆಯಿಂದ ಬೇಡ ಅಂತೀನಿ. ನೀವೊಂದು ಮಾತು ಹೌದು ಅಂದ್ರೆ ಸಾಕು."

ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನೋಡುವುದಕ್ಕೆ ಯೋಚನೆ ಮಾಡುತ್ತಿರುವವನ ಹಾಗೆ ಇದ್ದ. ಯೋಚನೆ ಏನೂ ಇರಲಿಲ್ಲ. ಕಿಟಕಿಯ ಸರಳಿನ ನೆರಳು ಅಧಿಕಾರಿಯ ತೋಳಿನ ಮೇಲೆ ಬಿದ್ದು, ಅವರು ಗಂಟೆಯನ್ನು ಸರಿಸಿದಾಗ ಮುರಿಯುತ್ತಿತ್ತು. ಅಷ್ಟರಲ್ಲಿ ಅವಳನ್ನೂ ಕರೆಸಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು, ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತಳು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಕಾಳು ಕೆಟ್ಟಿದ್ದು ಜರಡೀಲಿ ಅಂತ ಕಾಣುತ್ತೆ."

"ಹೌದು ಸಾರ್," ಎಂದಳು ಅವಳು, ಅವನ ಕಡೆ ನೋಡದೆ. "ಅವಸರ ಮಾಡ್ದೆ. ನನ್ನದೇ ತಪ್ಪು."

ಅವಸರ ಎಂಬ ಮಾತನ್ನು ಅವಳು ಅವನಿಂದ ತೆಗೆದುಕೊಂಡು ತನ್ನ ಮೇಲೆ ಹಾಕಿಕೊಂಡಿದ್ದಳು, ಚಳಿಯಾದವರಿಗೆ ಹೊದಿಕೆ ಕೊಡುವಷ್ಟು ಸುಲಭವಾಗಿ. ಅವನು ಮೇಜಿನ ಹತ್ತಿರ ಸರಿದ. "ಇಲ್ಲ ಸಾರ್," ಎಂದ. "ಸೋಮವಾರ ಆಡಿಸಿ ಅಂದೋನು ನಾನು. ಬುಧವಾರ ಆಗಬೇಕಿತ್ತು. ಕಣ್ಣು ಹಳದಿ ಇತ್ತು, ಇವರು ಕೇಳಿದ್ರು, ನಾನೇ ಪರವಾಗಿಲ್ಲ ಅಂದೆ. ಒಳಗೆ ಸ್ನಾಯು ಕಿತ್ಕೊಂಡಿದೆ. ಯಾರ ಕೈಲಿ ಆಡಿಸಿದ್ರೂ ಕಿತ್ಕೊಳ್ತಿತ್ತು."

ಅಧಿಕಾರಿಯ ಕೈ ಪೆನ್ನಿನ ಮೇಲೆ ನಿಂತಿತು. "ನೀವಾ? ಯಾಕೆ?"

ಅವನಿಗಿಂತ ಮೊದಲು ಅವಳೇ ಹೇಳಿದಳು. "ಅವರ ಮನೆಯವರಿಗೆ ಹುಷಾರಿರಲಿಲ್ಲ ಸಾರ್. ಹೇಳ್ಕೊಳ್ಳೋ ಜನ ಅಲ್ಲ ಅವ್ರು."

"ಅಯ್ಯೋ, ಹಾಗಂತ ಹೇಳಬಾರ್ದೇನ್ರೀ!" ಅಧಿಕಾರಿ ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ನಿಜವಾದ ನಿರಾಳ ಕಂಡಿತು. "ಹಾಗಿದ್ರೆ ಮುಗೀತು. ಕಷ್ಟ ಮನುಷ್ಯರಿಗಲ್ದೆ ಮರಕ್ಕೆ ಬರುತ್ತಾ? ಮೇಲಿನವರಿಗೂ ಇದನ್ನೇ ಹೇಳ್ತೀನಿ, ಅವರೂ ಹೆಂಡ್ತಿ ಮಕ್ಕಳಿರೋರೇ. ನಿಮಗೂ ತೊಂದ್ರೆ ಇಲ್ಲ, ಈ ಅಮ್ಮನಿಗೂ ಇಲ್ಲ. ಈಗ ಹೇಗಿದಾರೆ ಅವ್ರು?"

ಸುಮ್ಮನಿದ್ದರೆ ಸಾಕಿತ್ತು. ಇಷ್ಟು ಸಲೀಸಾಗಿ ಯಾವುದೂ ಅವನ ಜೀವನದಲ್ಲಿ ಮುಗಿದಿರಲಿಲ್ಲ. ಮೂರು ಜನಕ್ಕೂ ಒಳ್ಳೆಯದಾಗುವ ಒಂದು ಸುಳ್ಳು, ಅದನ್ನೂ ಅವನು ಹೇಳಬೇಕಾಗಿರಲಿಲ್ಲ. ನಾಳೆಯಿಂದ ಎಲ್ಲರೂ ಹೆಂಡತಿಯ ಆರೋಗ್ಯ ಕೇಳುವರು. ಜರಡಿಯಕ್ಕ ಒಂದು ಭಾನುವಾರ ಹಣ್ಣು ಹಿಡಿದು ನೋಡಲು ಬರುವಳು, ಬಾಗಿಲು ತೆರೆಯುವವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ. ಅದಕ್ಕಿಂತ ಹೆಚ್ಚಾಗಿ, ಜರಡಿಯಕ್ಕ ಈಗ ಅವನನ್ನು ನೋಡುತ್ತಿದ್ದ ರೀತಿ. ನೋವನ್ನು ಒಳಗಿಟ್ಟುಕೊಂಡ ಒಬ್ಬ ಗಂಡಸನ್ನು ನೋಡುವ ಹಾಗೆ. ಅಂಥವನು ಯಾರೋ ಇದ್ದಾನೆ, ಅವನ ಜಾಗದಲ್ಲಿ ತಾನು ನಿಂತಿದ್ದೇನೆ, ಇನ್ನು ನಿವೃತ್ತಿಯಾಗುವವರೆಗೆ ನಿಲ್ಲಬೇಕು. ಅಷ್ಟು ಹೊತ್ತು ನಿಲ್ಲುವುದನ್ನು ನೆನೆದೇ ಅವನಿಗೆ ಸುಸ್ತಾಯಿತು.

"ಹುಷಾರಾಗೇ ಇದ್ಲು ಸಾರ್. ಅವಳು ಊರಲ್ಲೇ ಇರಲಿಲ್ಲ."

"ಮತ್ತೆ? ನಿಮಗೆ ಮೈ ಸರಿ ಇರಲಿಲ್ವಾ?"

"ಸರಿ ಇತ್ತು."

"ಮತ್ತೇನ್ರೀ ಮಾಡಿದ್ರಿ ಬುಧವಾರ?"

"ಮಲಗಿದ್ದೆ."

ಜವಾನ ಬಾಗಿಲಲ್ಲಿ ಕೆಮ್ಮಿದ, ಅಥವಾ ನಕ್ಕ. ಅಧಿಕಾರಿ ಇನ್ನೂ ಏನಾದರೂ ಬರುತ್ತದೆಯೇ ಎಂದು ಕಾದರು. "ಸುಸ್ತಾಗಿತ್ತು ಸಾರ್," ಎಂದ ಅವನು. ಗಟ್ಟಿಯಾಗಿ ಹೇಳಿದಾಗ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಅವನಿಗೇ ನಂಬಿಕೆ ಬರಲಿಲ್ಲ.

"ಸುಸ್ತು ಯಾರಿಗಾಗಲ್ಲ ರೀ!" ಅಧಿಕಾರಿ ಕೂಗಿದರು. ಅವರು ಕೂಗಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಗಂಟೆಯನ್ನು ಹಿಡಿದು ಗೆರೆಯಿಂದಾಚೆ ತಳ್ಳಿಬಿಟ್ಟರು. "ನನಗಾಗಲ್ವಾ? ಸುಸ್ತಾಗಿ ಮಲಗಿದ್ದ ಅಂತ ಮೇಲಿನವರಿಗೆ ಹೇಳೋದಾ ನಾನು? ತೋಟದವರಿಗೆ ಹೇಳೋದಾ? ಹೋಗಿ, ಹೊರಗಿರಿ. ನಿಮ್ಮದು ಏನಾಗುತ್ತೋ ಅವರೇ ತೀರ್ಮಾನ ಮಾಡ್ಲಿ. ಅಮ್ಮ, ನೀವು ಕೆಲಸ ನೋಡ್ಕೊಳ್ಳಿ. ನಿಮ್ಮದೇನಿಲ್ಲ."

ಅವಳು ಚಪ್ಪಲಿ ಮೆಟ್ಟಿ ಮುಂದೆ ಹೋದಳು. ಅವನು ಹಿಂದೆ. ನೊಣಗಳ ಕೋಣೆಯಲ್ಲಿ ಬಲೆ ಮುಚ್ಚಿದ ದೊಡ್ಡ ತಟ್ಟೆಗಳು ಸಾಲಾಗಿದ್ದವು, ಹಿತ್ತಲಲ್ಲಿ ಆಗಲೇ ಹಂಡೆ ಕಾಯುತ್ತಿತ್ತು. ಕೆಟ್ಟ ನೊಣವನ್ನು ಬಿಸಿನೀರಿಗೆ ಹಾಕುವುದು ಅಲ್ಲಿಯ ಪದ್ಧತಿ. ಅವಳು ಮೊದಲ ತಟ್ಟೆಯ ಅಂಚು ಹಿಡಿದು, ಹಾಗೇ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದಳು.

"ಶನಿವಾರದಿಂದ ನಾನು ಕಣ್ಣು ಮುಚ್ಚಿಲ್ಲ. ರಾತ್ರಿ ಎದ್ದು ಖಾಲಿ ತಟ್ಟೆ ಹಿಡ್ಕೊಂಡು ಅಲ್ಲಾಡಿಸ್ತಾ ಕೂತಿದ್ದೆ. ಏನಮ್ಮ ಇದು, ತಲೆ ಕೆಟ್ಟಿದೆಯಾ ಅಂದ್ಲು ಮಗಳು. ಕೈ ಮೆಲ್ಲಗೆ ಆಡುತ್ತಾ ಇಲ್ವಾ ನೋಡ್ತಿದ್ದೆ ಸಾರ್. ಈ ಮಣಿಕಟ್ಟು ಜರಡಿಯಿಂದ ನೋಯ್ತಿರೋದಲ್ಲ, ಆ ಖಾಲಿ ತಟ್ಟೆಯಿಂದ."

ಅವನು ತಟ್ಟೆಯ ಇನ್ನೊಂದು ಅಂಚಿಗೆ ಕೈ ಹಾಕಿದ.

"ಬಿಡಿ. ನಾನು ಯಾರನ್ನಾದ್ರೂ ಕರೀತೀನಿ. ನೀವು ಹೋಗಿ ಮಲಕ್ಕೊಳ್ಳಿ."

ಅವನು ಬಿಡಲಿಲ್ಲ. ಇಬ್ಬರಿಲ್ಲದೆ ಆ ತಟ್ಟೆ ಏಳುವಂಥದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಇಬ್ಬರೂ ಹಿಡಿದುಕೊಂಡೇ ನಿಂತರು. ಆಮೇಲೆ ಅವಳು ಎತ್ತಿದಳು, ಅವನೂ ಎತ್ತಿದ. ಬಾಗಿಲ ಕಡೆ ಇದ್ದವನು ಅವನಾದ್ದರಿಂದ ಹಿಂದಕ್ಕೆ ಹಿಂದಕ್ಕೆ ನಡೆಯಬೇಕಾಯಿತು. ಓಣಿಯುದ್ದಕ್ಕೂ ಅವಳ ಮುಖ ಅವನೆದುರಿಗೇ ಇತ್ತು. ಅವಳು ಅವನನ್ನು ನೋಡಲಿಲ್ಲ. ಸಿಟ್ಟೂ ಕಾಣಲಿಲ್ಲ ಆ ಮುಖದಲ್ಲಿ, ಮರುಕವೂ; ಹೊತ್ತ ಭಾರದ ಮೇಲೆ ಮಾತ್ರ ಕಣ್ಣಿಟ್ಟ ಯಾರದೇ ಮುಖ. ಬಲೆಯ ಕೆಳಗೆ ನೊಣಗಳು ತಟ್ಟೆ ವಾಲಿದ ಕಡೆಗೆ ನಡೆದು, ಮತ್ತೆ ಈ ಕಡೆಗೆ ನಡೆದು ಬರುತ್ತಿದ್ದವು. ಹಿತ್ತಲ ಬಿಸಿಲು ಅವನ ಬೆನ್ನಿಗೆ ತಾಗಿತು.

"ಮೆಟ್ಟಿಲಿದೆ," ಎಂದಳು ಅವಳು.

ಅವನು ಕಾಲಿನಿಂದ ತಡವಿ ಹುಡುಕಿ ಇಳಿದ.